ಹೊಲದಲ್ಲಿ ಸಿಕ್ಕ ಹಳೇ ನಾಣ್ಯ ಯಾರದು? ಮೆಟಲ್ ಡಿಟೆಕ್ಟರ್ ಹವ್ಯಾಸದ ಹಿಂದಿನ ಜಗಳ

ಹೊಲದಲ್ಲಿ ಸಿಕ್ಕ ಹಳೇ ನಾಣ್ಯ ಯಾರದು? ಹುಡುಕಿದವನದಾ, ಹೊಲದ ಯಜಮಾನನದಾ, ಸರ್ಕಾರದ್ದಾ? ಮೆಟಲ್ ಡಿಟೆಕ್ಟರ್ ಹವ್ಯಾಸದ ಬಗ್ಗೆ ಮಾತು ಶುರುವಾದರೆ ಮೊದಲು ಬರುವ ಜಗಳ ಇದೇ. ಅದರ ಬೆನ್ನಿಗೇ ಇನ್ನೂ ಹತ್ತು ಜಗಳ ಬರುತ್ತವೆ. ಇದು ಲೂಟಿ ಎನ್ನುವವರು ಇದ್ದಾರೆ. ನಾವು ತೆಗೆಯದಿದ್ದರೆ ಟ್ರ್ಯಾಕ್ಟರಿಗೆ ಸಿಕ್ಕಿ ಪುಡಿಯಾಗುತ್ತಿತ್ತು ಎನ್ನುವವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಬಹುಮಾನ ಸಿಗುವ ಕೆಲಸಕ್ಕೆ ಪಕ್ಕದ ಐರ್ಲೆಂಡಿನಲ್ಲಿ ಕೇಸು ಬೀಳಬಹುದು. ಹೊಸದಾಗಿ ಕೇಳುವವರಿಗೆ ತಲೆಬುಡ ಗೊತ್ತಾಗುವುದಿಲ್ಲ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ಕಥೆಯ ಬಹುಪಾಲು ಇಂಗ್ಲೆಂಡಿನದು. ಜಗಳ ಜೋರಾಗಿ ನಡೆದದ್ದೂ ಅಲ್ಲೇ, ಅದಕ್ಕೊಂದು ದಾರಿ ಕಂಡುಕೊಂಡದ್ದೂ ಅಲ್ಲೇ.

ಯಂತ್ರದ ಕಥೆ ಚಿಕ್ಕದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಮೈಯೊಳಗಿನ ಗುಂಡು ಎಲ್ಲಿದೆ ಎಂದು ನೋಡಲು ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಉಪಕರಣ ತಂದರು. ಗುಂಡು ಸಿಗಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ, ಉಪಾಯ ಮಾತ್ರ ಉಳಿಯಿತು. ಕೈಯಲ್ಲಿ ಹೊತ್ತು ನಡೆಯಬಹುದಾದ ಡಿಟೆಕ್ಟರಿಗೆ ಗೆರ್ಹಾರ್ಡ್ ಫಿಷರ್ 1937ರಲ್ಲಿ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೈನ್ಯಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ನೆಲಬಾಂಬ್ ಹುಡುಕುವ ಡಿಟೆಕ್ಟರ್ ಮಾಡಿಕೊಟ್ಟರು, 1942ರ ಎಲ್ ಅಲಮೇನ್ ಕದನದಲ್ಲಿ ಅದು ಬಳಕೆಗೆ ಬಂತು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಭಾರ ಇಳಿಯಿತು, ಬೆಲೆಯೂ ಇಳಿಯಿತು. 1970ರ ದಶಕದ ಹೊತ್ತಿಗೆ ರಜಾ ದಿನ ಬಂದರೆ ಸಾಕು, ಹೆಡ್‌ಫೋನ್ ಹಾಕಿಕೊಂಡು ಸಾಮಾನ್ಯ ಜನ ಹೊಲಕ್ಕೆ ಇಳಿಯುತ್ತಿದ್ದರು.

ಆ ಹೊಲದಲ್ಲಿ ಏನಾಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು, ಜಗಳದ ಬೇರು ಅಲ್ಲೇ ಇದೆ. ಡಿಟೆಕ್ಟರ್ ಕೋಲಿನ ತುದಿಯ ತಂತಿ ಸುರುಳಿಯನ್ನು, ಅಂದರೆ ಕಾಯಿಲ್ ಅನ್ನು, ನೆಲಕ್ಕೆ ತಾಗಿಯೂ ತಾಗದ ಹಾಗೆ ಹಿಡಿದು ಎಡಕ್ಕೂ ಬಲಕ್ಕೂ ಬೀಸುತ್ತಾ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಾರೆ. ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ ಮಣ್ಣಿನೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ. ಆ ಸುಳಿಗಳು ವಾಪಸ್ ಕಳಿಸುವ ಸಂಕೇತ ಕಿವಿಗೆ ಬೀಪ್ ಆಗಿ ಕೇಳುತ್ತದೆ. ಕಬ್ಬಿಣದ ಮೊಳೆಗೆ ಒಂದು ಸದ್ದು, ಬೆಳ್ಳಿಗೆ ಇನ್ನೊಂದು. ತಂಪು ಪಾನೀಯದ ಕ್ಯಾನಿನ ಅಲ್ಯುಮಿನಿಯಂ ಬಿಲ್ಲೆ ಮತ್ತು ಚಿನ್ನದ ಸಣ್ಣ ನಾಣ್ಯ ಮಾತ್ರ ಸುಮಾರು ಒಂದೇ ಥರ ಕೇಳುತ್ತವೆ. ಹಾಗಾಗಿ ಬಿಲ್ಲೆ ಬೇಡ ಎಂದು ಬಿಟ್ಟವರಿಗೆ ಚಿನ್ನವೂ ತಪ್ಪಿಹೋಗುತ್ತದೆ.

ಒಂದೇ ನಾಣ್ಯವಾದರೆ ಸಾಮಾನ್ಯ ಯಂತ್ರಕ್ಕೆ ಒಂದು ಗೇಣು ಆಳದವರೆಗೆ ಕೇಳಿಸುತ್ತದೆ. ಉಳುವಾಗ ಮಣ್ಣು ಮಗುಚುವುದೂ ಹೆಚ್ಚುಕಡಿಮೆ ಅಷ್ಟೇ ಆಳಕ್ಕೆ. ಉತ್ತ ಮಣ್ಣಿನಲ್ಲಿ ಸಿಕ್ಕ ಬಿಡಿ ನಾಣ್ಯ ಈಗಾಗಲೇ ಎಷ್ಟೋ ಸಲ ಉರುಳಿರುತ್ತದೆ. ಅದನ್ನು ತೆಗೆದರೆ ನಷ್ಟ ಕಡಿಮೆ, ಯಾವ ಹೊಲ, ಹೊಲದ ಯಾವ ಮೂಲೆ ಎಂದು ಬರೆದಿಟ್ಟರೆ ಲಾಭವೇ. ಅದರ ಕೆಳಗಿನ ಮಣ್ಣಿನ ಮಾತು ಬೇರೆ. ಅಲ್ಲಿ ಗಡಿಗೆ ಯಾರೋ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ಗುದ್ದಲಿ ಹಾಕಿ ಒಂದು ಸಲ ಕೆದಕಿದರೆ ಮುಗಿಯಿತು, ಮತ್ತೆ ಜೋಡಿಸಲು ಯಾರಿಂದಲೂ ಆಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಜಗಳ ಈ ಒಂದು ಗೇಣಿನದು. ಕಾನೂನಿಗೆ ಮಾತ್ರ ಅದು ತುಂಬಾ ತಡವಾಗಿ ಕಣ್ಣಿಗೆ ಬಿತ್ತು.

ಯಾಕೆಂದರೆ ಇಂಗ್ಲೆಂಡಿನ ಹಳೇ ಕಾನೂನು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ಮಧ್ಯಯುಗದಿಂದ ಬಂದ ಆ ನಿಯಮದ ಪ್ರಕಾರ ನಿಧಿ ರಾಜನಿಗೆ ಸೇರಬೇಕಾದರೆ ಅದು ಚಿನ್ನ ಇಲ್ಲವೇ ಬೆಳ್ಳಿಯದಾಗಿರಬೇಕು, ಮತ್ತು ಬಚ್ಚಿಟ್ಟವನಿಗೆ ವಾಪಸ್ ಬಂದು ತೆಗೆದುಕೊಳ್ಳುವ ಉದ್ದೇಶ ಇದ್ದಿರಬೇಕು. ಸಾವಿರಾರು ವರ್ಷ ಹಿಂದೆ ಸತ್ತವನ ಮನಸ್ಸಿನಲ್ಲಿ ಏನಿತ್ತು ಎಂದು ಕೊರೊನರ್ ಎಂಬ ವಿಚಾರಣಾಧಿಕಾರಿ ತೀರ್ಮಾನ ಮಾಡಬೇಕಿತ್ತು! ರಾಜನ ಖಜಾನೆ ತುಂಬಲಿ ಎಂದು ಹುಟ್ಟಿದ ಕಾನೂನು ಅದು. ಮಣ್ಣಿನಲ್ಲಿರುವ ಇತಿಹಾಸ ಉಳಿಸುವುದು ಅದರ ಕೆಲಸವೇ ಆಗಿರಲಿಲ್ಲ. ಲಿಂಕನ್‌ಶೈರಿನ ಕೋಲ್ಬಿಯಲ್ಲಿ 7,811 ರೋಮನ್ ನಾಣ್ಯ ಸಿಕ್ಕಾಗ, ಅವುಗಳಲ್ಲಿ ಬೆಳ್ಳಿ ತೀರಾ ಕಡಿಮೆ, ಆದ್ದರಿಂದ ಇದು ನಿಧಿಯೇ ಅಲ್ಲ ಎಂದು ನ್ಯಾಯಾಲಯ 1982ರಲ್ಲಿ ಹೇಳಿತು. ಕಾನೂನು ಇದ್ದದ್ದೇ ಹಾಗೆ, ನ್ಯಾಯಾಲಯ ತಾನೇ ಏನು ಮಾಡೀತು?

ಈ ಹೊತ್ತಿಗೆ ಹೊಲದಲ್ಲಿ ಜಗಳ ಕಾವೇರಿತ್ತು. 1979ರಲ್ಲಿ ಥೆಟ್‌ಫೋರ್ಡ್‌ನಲ್ಲಿ ರೋಮನ್ ಕಾಲದ ಚಿನ್ನದ ಉಂಗುರಗಳು, ಬೆಳ್ಳಿ ಚಮಚಗಳು ಸಿಕ್ಕವು. ಅಲ್ಲಿ ಹುಡುಕಲು ಅನುಮತಿ ಇರಲಿಲ್ಲ, ಹಾಗಾಗಿ ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಸುದ್ದಿ ಹೊರಬರುವಷ್ಟರಲ್ಲಿ ಆ ಜಾಗದ ಮೇಲೆ ಕಟ್ಟಡ ಎದ್ದಿತ್ತು. ಅದೇ ವರ್ಷ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವುದು ಅಪರಾಧವಾಯಿತು. 1980ರಲ್ಲಿ ಪುರಾತತ್ವದವರು ‘ಸ್ಟಾಪ್’ ಎಂಬ ಆಂದೋಲನ ಶುರುಮಾಡಿದರು, ನಮ್ಮ ಗತಕಾಲವನ್ನು ಕದಿಯುವುದನ್ನು ನಿಲ್ಲಿಸಿ ಎಂಬುದು ಅದರ ಕೂಗು. ಡಿಟೆಕ್ಟರ್ ಹಿಡಿದವರೂ ಸುಮ್ಮನಿರಲಿಲ್ಲ, ಮರುವರ್ಷವೇ ತಮ್ಮದೊಂದು ರಾಷ್ಟ್ರೀಯ ಮಂಡಳಿ ಕಟ್ಟಿಕೊಂಡರು. ಅಲ್ಲಿಂದ ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ.

1980ರ ದಶಕದ ಆ ಹತ್ತು ವರ್ಷದ ಬಗ್ಗೆ ಓದುವಾಗ ನನಗೆ ಬೇಜಾರಾಗುತ್ತದೆ. ಪುರಾತತ್ವದವರ ಭಯ ನಿಜವಾದದ್ದೇ. ಆದರೆ ನಾಣ್ಯ ತಂದು ತೋರಿಸಿದರೆ ಕಳ್ಳನ ಹಾಗೆ ನೋಡುತ್ತಾರೆ ಎಂದಾದ ಮೇಲೆ ಯಾರು ತೋರಿಸುತ್ತಾರೆ? ಪ್ರಾಮಾಣಿಕವಾಗಿ ಬಂದವರೂ ಬಾಗಿಲಿನಿಂದ ಹಿಂದಕ್ಕೆ ಹೋದರು. ಕೆಲವು ಕಡೆ, ಮುಖ್ಯವಾಗಿ ನಾರ್ಫೋಕ್ ಕೌಂಟಿಯಲ್ಲಿ, ಪುರಾತತ್ವದವರು ಡಿಟೆಕ್ಟರ್ ಕ್ಲಬ್ಬುಗಳಿಗೆ ತಾವೇ ಹೋಗಿ, ತಂದದ್ದನ್ನು ನೋಡಿ, ಗುರುತಿಸಿ, ಜಾಗ ಬರೆದುಕೊಂಡು ವಾಪಸ್ ಕೊಡುತ್ತಿದ್ದರು. ಅಲ್ಲಿ ದಾಖಲೆ ಬೆಳೆಯಿತು. ಉಳಿದ ಕಡೆ ಎಷ್ಟೋ ನಾಣ್ಯ ಊರಿನ ಹೆಸರೂ ಇಲ್ಲದೆ ಕೈಯಿಂದ ಕೈಗೆ ಹೋಯಿತು.

ಸರ್ರೆಯ ವಾನ್‌ಬರೋದಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಅಲ್ಲಿನ ಹೊಲವೊಂದರಲ್ಲಿ ರೋಮನ್ ಕಾಲದ ದೇವಾಲಯ ಹೂತಿತ್ತು, ಸುತ್ತ ಅದಕ್ಕೂ ಹಿಂದಿನ ಚಿನ್ನ ಬೆಳ್ಳಿ ನಾಣ್ಯಗಳು. 1983ರಲ್ಲಿ ಮೊದಲು ಕಂಡವರು ಸರಿಯಾಗಿಯೇ ತಿಳಿಸಿದರು. ಆದರೆ ವಿಚಾರಣೆಯಲ್ಲಿ ಜಾಗ ಎಲ್ಲಿ ಎಂಬುದು ಬಹಿರಂಗವಾಯಿತು. ರಾತ್ರಿ ರಾತ್ರಿ ಜನ ಟಾರ್ಚ್ ಹಿಡಿದು ನುಗ್ಗಿದರು, ಸಾವಿರಾರು ನಾಣ್ಯ ಮಾಯವಾಯಿತು. ಸಿಕ್ಕಿಬಿದ್ದವರ ಮೇಲಿನ ಕೇಸುಗಳೂ ಸರಿಯಾಗಿ ನಿಲ್ಲಲಿಲ್ಲ. ದೇವರಿಗೆ ಅರ್ಪಿಸಿದ ಹಣವನ್ನು ಯಾರಾದರೂ ವಾಪಸ್ ತೆಗೆದುಕೊಳ್ಳುವ ಉದ್ದೇಶ ಇಟ್ಟುಕೊಳ್ಳುತ್ತಾರಾ? ಇಲ್ಲ ಅಲ್ವಾ? ಹಾಗಿದ್ದರೆ ಹಳೇ ಕಾನೂನಿನ ಪ್ರಕಾರ ಅದು ನಿಧಿಯೇ ಅಲ್ಲ. ಕಾನೂನು ಬದಲಾಗಲೇಬೇಕು ಎಂದು ಸರ್ರೆಯ ಇತಿಹಾಸಾಸಕ್ತರು ಹಟ ಹಿಡಿದದ್ದು ಈ ಘಟನೆಯ ನಂತರವೇ.

ಗಾಳಿ ಬದಲಾದದ್ದು ಒಂದು ಸುತ್ತಿಗೆಯಿಂದ. 1992ರ ನವೆಂಬರ್‌ನಲ್ಲಿ ಸಫೋಕ್‌ನ ಹಾಕ್ಸನ್ ಹಳ್ಳಿಯ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಹುಡುಕಿಕೊಡಲು ಪರಿಚಯದವರೊಬ್ಬರು ಡಿಟೆಕ್ಟರ್ ತಂದರು. ಬೀಪ್ ಬಂದ ಕಡೆ ಅಗೆದರೆ ಬೆಳ್ಳಿ ಚಮಚ, ಚಿನ್ನದ ಸರ, ನಾಣ್ಯದ ಮೇಲೆ ನಾಣ್ಯ. ಅವರು ಒಂದಿಷ್ಟು ತೆಗೆದವರು ಅಲ್ಲಿಗೇ ಕೈ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಮರುದಿನ ಪುರಾತತ್ವದವರು ಬಂದು ಗುಟ್ಟಾಗಿ ಒಂದೇ ದಿನದಲ್ಲಿ ಉತ್ಖನನ ಮುಗಿಸಿದರು. ಮರದ ಪೆಟ್ಟಿಗೆ ಕೊಳೆತುಹೋಗಿದ್ದರೂ ಅದರ ಅಳತೆ ತಿಳಿಯಿತು, ಒಳಗೆ ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರು ಎಂಬುದೂ ತಿಳಿಯಿತು. ಪಾತ್ರೆಗಳ ನಡುವೆ ತುರುಕಿದ್ದ ಹುಲ್ಲಿನ ಚೂರು ಕೂಡ ಸಿಕ್ಕಿತು. 14,865 ನಾಣ್ಯ! ಬಹುಮಾನ 17.5 ಲಕ್ಷ ಪೌಂಡ್, ಅದನ್ನು ಹುಡುಕಿದವರು ರೈತರ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಹೊಸ ನಿಧಿ ಕಾಯ್ದೆ 1996ರಲ್ಲಿ ಬಂತು, 1997ರ ಸೆಪ್ಟೆಂಬರ್‌ನಿಂದ ಜಾರಿಯಾಯಿತು. ಬಚ್ಚಿಟ್ಟವನ ಮನಸ್ಸಿನ ಪ್ರಶ್ನೆಯೇ ಹೋಯಿತು. 300 ವರ್ಷ ದಾಟಿದ ಎರಡು ಚಿನ್ನ ಅಥವಾ ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕರೆ ನಿಧಿ, ಬೇರೆ ಲೋಹವಾದರೆ ಹತ್ತು ನಾಣ್ಯ. 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಇಟ್ಟುಕೊಂಡರೆ ಮಾರುಕಟ್ಟೆ ಬೆಲೆ ಕಟ್ಟಿ ಹಣ ಕೊಡುತ್ತಾರೆ, ಸಾಮಾನ್ಯವಾಗಿ ಹುಡುಕಿದವರಿಗೂ ಜಮೀನಿನವರಿಗೂ ಅರ್ಧರ್ಧ. ಅದೇ ವರ್ಷ ಶುರುವಾದ ‘ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್’ ನನ್ನ ಪ್ರಕಾರ ಕಾಯ್ದೆಗಿಂತ ದೊಡ್ಡ ಕೆಲಸ. ನಿಧಿ ಅಲ್ಲದ ಬಿಡಿ ನಾಣ್ಯವನ್ನೂ ಸ್ವಂತ ಇಷ್ಟದಿಂದ ತಂದು ತೋರಿಸಬಹುದು. ಸ್ಕೀಮಿನವರು ಫೋಟೋ ತೆಗೆದು, ತೂಕ ಹಾಕಿ, ಜಾಗ ಗುರುತುಮಾಡಿ ನಾಣ್ಯವನ್ನು ವಾಪಸ್ ಕೊಡುತ್ತಾರೆ. ಹೀಗೆ 15 ಲಕ್ಷಕ್ಕೂ ಜಾಸ್ತಿ ವಸ್ತುಗಳು ದಾಖಲಾಗಿವೆ. ಸಫೋಕ್‌ನ ರೆಂಡಲ್‌ಶಮ್‌ನಲ್ಲಿ ಕಳ್ಳರ ಕಾಟ ತಾಳಲಾರದೆ ಜಮೀನಿನವರು ದೂರು ಕೊಟ್ಟಾಗ, 2008ರಿಂದ ಡಿಟೆಕ್ಟರ್ ಹವ್ಯಾಸಿಗಳನ್ನೇ ಕರೆಸಿ ಹೊಲಗಳನ್ನು ಕ್ರಮವಾಗಿ ಹುಡುಕಿಸಿದರು. ಏಳನೇ ಶತಮಾನದ ರಾಜರ ನೆಲೆಯೊಂದು ಅಲ್ಲಿ ಬೆಳಕಿಗೆ ಬಂತು.

2010ರ ಏಪ್ರಿಲ್‌ನಲ್ಲಿ ಸಾಮರ್ಸೆಟ್‌ನ ಫ್ರೋಮ್ ಹತ್ತಿರ ಹುಡುಕುತ್ತಿದ್ದ ಒಬ್ಬರಿಗೆ ಗಡಿಗೆಯ ಬಾಯಿ ಕಂಡಿತು. ಅವರು ಅಗೆದ ಗುಂಡಿ ಮುಚ್ಚಿ ತಿಳಿಸಿದರು. ಗಡಿಗೆಯಲ್ಲಿ 52,503 ನಾಣ್ಯ, ತೂಕ ಸುಮಾರು 160 ಕಿಲೋ. ಪದರ ಪದರವಾಗಿ ತೆಗೆದು, ಪ್ರತಿ ಪದರವನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿದರು. ಆಗ ಒಂದು ವಿಚಿತ್ರ ಕಂಡಿತು. ಎಲ್ಲಕ್ಕಿಂತ ಹೊಸದಾದ, ರೋಮನ್ ಕಾಲದ ಕರೌಸಿಯಸ್ ಚಕ್ರವರ್ತಿಯ ನಾಣ್ಯಗಳು ಮೇಲೆ ಇರಲಿಲ್ಲ. ಬಹುಪಾಲು ಅರ್ಧ ಗಡಿಗೆ ದಾಟಿ ಕೆಳಗಿದ್ದವು. ಅಂದರೆ ವರ್ಷ ವರ್ಷ ಉಳಿಸಿ ತುಂಬಿದ್ದಲ್ಲ, ಒಂದೇ ಸಲಕ್ಕೆ ಸುರಿದದ್ದು. ಗಡಿಗೆಯ ಗೋಡೆಯೋ ತೆಳು, ತುಂಬಿದ ಮೇಲೆ ಎತ್ತಿದರೆ ಒಡೆಯುತ್ತದೆ. ಹಾಗಾಗಿ ಮೊದಲು ನೆಲದಲ್ಲಿ ಕೂರಿಸಿ ಆಮೇಲೆ ತುಂಬಿದ್ದಾರೆ. ವಾಪಸ್ ತೆಗೆಯುವ ಯೋಚನೆ ಇರಲಿಲ್ಲ, ಇದು ಹರಕೆಯ ಹಣ ಇರಬಹುದು ಎಂದು ವಿದ್ವಾಂಸರು ಹೇಳಿದ್ದು ಇದರಿಂದಲೇ. ಆ ದಿನ ಬಕೆಟ್ಟಿಗೆ ಸುರಿದುಕೊಂಡಿದ್ದರೆ 52,503 ನಾಣ್ಯವೂ ಇರುತ್ತಿತ್ತು, ಈ ಸಂಗತಿ ಇರುತ್ತಿರಲಿಲ್ಲ.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಐರ್ಲೆಂಡಿನಲ್ಲಿ 1987ರಿಂದ ಒಪ್ಪಿಗೆ ಇಲ್ಲದೆ ಪುರಾತನ ವಸ್ತು ಹುಡುಕಲು ಡಿಟೆಕ್ಟರ್ ಬಳಸುವಂತಿಲ್ಲ. ಫ್ರಾನ್ಸ್‌ನಲ್ಲೂ ಸರ್ಕಾರದ ಅನುಮತಿ ಬೇಕು. ಸ್ಕಾಟ್ಲೆಂಡಿನಲ್ಲಿ ಹುಡುಕಬಹುದು, ಆದರೆ ಸಿಕ್ಕ ಹಳೇ ವಸ್ತು, ಒಂಟಿ ನಾಣ್ಯವಾದರೂ, ರಾಜನದು. ಡೆನ್ಮಾರ್ಕ್‌ನಲ್ಲಿ ಹವ್ಯಾಸಿಗಳು ತಂದುಕೊಟ್ಟ ಮುಖ್ಯ ವಸ್ತುಗಳನ್ನು ರಾಷ್ಟ್ರೀಯ ಮ್ಯೂಸಿಯಂ ಬಹುಮಾನ ಕೊಟ್ಟು ಪಡೆಯುತ್ತದೆ. ಪೂರ್ತಿ ನಿಷೇಧ ಸುಲಭ ಅನಿಸುತ್ತದೆ, ಆದರೆ ರಾತ್ರಿ ಬರುವವನು ನಿಷೇಧ ಇದೆ ಎಂದು ಮನೆಯಲ್ಲಿ ಕೂರುವುದಿಲ್ಲ. ಹಗಲು ಬಂದು ತೋರಿಸುವವನು ಮಾತ್ರ ಬರುವುದನ್ನು ಬಿಡುತ್ತಾನೆ.

ಇಂಗ್ಲೆಂಡಿನಲ್ಲೂ ಎಲ್ಲ ಸರಿಹೋಗಿಲ್ಲ. 2023ರಲ್ಲಿ ನಿಧಿಯ ವ್ಯಾಖ್ಯೆಯನ್ನು ಇನ್ನಷ್ಟು ಅಗಲ ಮಾಡಿದರು. ಲೋಹ ಯಾವುದೇ ಇರಲಿ, 200 ವರ್ಷ ದಾಟಿದ್ದು ಇತಿಹಾಸಕ್ಕೆ ಅಸಾಧಾರಣ ಎನಿಸಿದರೆ ಈಗ ಅದೂ ನಿಧಿ. ಆದರೂ ಒಂಟಿಯಾಗಿ ಸಿಕ್ಕ ನಾಣ್ಯ ಸಾಮಾನ್ಯವಾಗಿ ಇನ್ನೂ ಕಾಯ್ದೆಯ ಹೊರಗೇ ಇದೆ.

2015ರಲ್ಲಿ ಎರಡು ವೈಕಿಂಗ್ ಕಾಲದ ನಿಧಿಗಳು ಸಿಕ್ಕವು. ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್‌ನಲ್ಲಿ ಸಿಕ್ಕಿದ್ದನ್ನು ಕೂಡಲೇ ತಿಳಿಸಿದರು. ಮಣ್ಣಿನ ಹೆಂಟೆ ಸಮೇತ ಎತ್ತಿ ಪ್ರಯೋಗಾಲಯದಲ್ಲಿ ಬಿಡಿಸಿದ ಆ 200ರಷ್ಟು ನಾಣ್ಯಗಳನ್ನು ಈಗ ಆಶ್ಮೋಲಿಯನ್ ಮ್ಯೂಸಿಯಂನಲ್ಲಿ ನೋಡಬಹುದು. ಕೆಲವು ನಾಣ್ಯಗಳಲ್ಲಿ ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕೂತಿದ್ದಾರೆ. ಆಗಿನ ಇಂಗ್ಲೆಂಡಿನ ಎರಡು ರಾಜ್ಯಗಳ ರಾಜರಾದ ವೆಸೆಕ್ಸ್‌ನ ಆಲ್ಫ್ರೆಡ್ ಮತ್ತು ಮರ್ಸಿಯಾದ ಕಿಯೋಲ್‌ವುಲ್ಫ್ ಜೊತೆಯಾಗಿದ್ದರು ಎನ್ನುವುದಕ್ಕೆ ಈ ನಾಣ್ಯಗಳೇ ಸಾಕ್ಷಿ. ಹೆರಿಫೋರ್ಡ್‌ಶೈರಿನ ಲೆಮ್‌ಸ್ಟರ್ ಹತ್ತಿರ ಸಿಕ್ಕ ಇನ್ನೊಂದು ನಿಧಿಯಲ್ಲೂ ಇದೇ ಥರದ ನಾಣ್ಯಗಳಿದ್ದವು, ಸುಮಾರು 300. ಅದನ್ನು ಯಾರಿಗೂ ಹೇಳದೆ ಮಾರಲು ಹೊರಟರು. 2019ರಲ್ಲಿ ಶಿಕ್ಷೆಯಾಯಿತು, ಅಷ್ಟರಲ್ಲಿ ಕೈಗೆ ಬಂದದ್ದು 30ರ ಆಸುಪಾಸು. ಇಡೀ ನಿಧಿ ಹೇಗಿತ್ತು ಎನ್ನುವುದಕ್ಕೆ ಉಳಿದಿರುವುದು ಫೋನಿನಲ್ಲಿ ಅಳಿಸಿಹಾಕಿದ್ದು, ಪೊಲೀಸರು ಮತ್ತೆ ಹೊರತೆಗೆದ ಕೆಲವು ಫೋಟೋಗಳು. ಮಣ್ಣು ಮೆತ್ತಿದ ನಾಣ್ಯಗಳ ಒಂದು ಗುಪ್ಪೆ ಅವುಗಳಲ್ಲಿ ಕಾಣಿಸುತ್ತದೆ.