ಕೇಬಲ್ ಹಾಕಿದರೆ ವೇಗ 94ಕ್ಕೇ ನಿಲ್ಲುವುದೇಕೆ?

ಪ್ರಶ್ನೆ: ಕಾರವಾರದ ನಮ್ಮ ಮನೆಗೆ 200 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಮೊಬೈಲಿನ ವೈಫೈಯಲ್ಲಿ 180ರವರೆಗೆ ಬರುತ್ತದೆ. ಮಹಡಿಯ ಕಂಪ್ಯೂಟರಿಗೆ ಎಳೆಸಿದ ಕೇಬಲ್‌ನಲ್ಲಿ ಮಾತ್ರ ಎಷ್ಟು ಸಲ ನೋಡಿದರೂ 94. ಕಂಪ್ಯೂಟರ್ ಬದಲಿಸಬೇಕೇ?

ಉತ್ತರ: ಈಗಲೇ ಬೇಡ. ಕಂಪ್ಯೂಟರ್ ಮತ್ತು ರೂಟರ್ ನಡುವಿನ ಲಿಂಕ್ 1000ದ ಬದಲು 100 ಎಂಬಿಪಿಎಸ್‌ನಲ್ಲಿ ನಿಂತಿದೆ ಎನ್ನುವುದು ಆ 94ರಿಂದಲೇ ಗೊತ್ತಾಗುತ್ತದೆ.

100ರಲ್ಲಿ ಉಳಿದ ಆರು ಎಲ್ಲಿ ಹೋಯಿತು? ಬ್ರೌಸರ್ ಕಳಿಸುವ ಡೇಟಾ ಮೊದಲು ಆಪರೇಟಿಂಗ್ ಸಿಸ್ಟಂನ ಬಫರ್ (ತಾತ್ಕಾಲಿಕ ಸಂಗ್ರಹ) ಸೇರುತ್ತದೆ. ಅಲ್ಲಿ, ಅಥವಾ ನೆಟ್‌ವರ್ಕ್ ಕಾರ್ಡಿನಲ್ಲೇ, ಅದನ್ನು ಹೆಚ್ಚೆಂದರೆ 1460 ಬೈಟ್‌ಗಳ ತುಂಡು ಮಾಡಿ ಡೇಟಾ ಸಾಗಿಸುವ ನಿಯಮಗಳಾದ ಟಿಸಿಪಿ, ಐಪಿಗಳ ಹೆಡರ್‌ (ವಿಳಾಸ ಇತ್ಯಾದಿ ವಿವರ) ಎಂದು 40 ಬೈಟ್ ಸೇರಿಸಲಾಗುತ್ತದೆ. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಈ ಡೇಟಾವನ್ನು ಕಾರ್ಡಿಗೆ ಹೊತ್ತುಹಾಕುವುದಿಲ್ಲ. ರ್‍ಯಾಮ್‌ನಲ್ಲಿ ಅದು ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಒಂದು ಸರದಿ ಪಟ್ಟಿಯಲ್ಲಿ ಬರೆದಿಡುತ್ತದೆ. ಪ್ರೊಸೆಸರ್ ಕೈಹಾಕದೆ ಕಾರ್ಡೇ ಡಿಎಂಎ ಎಂಬ ನೇರ ಓದಿನ ವಿಧಾನದಿಂದ ಅದನ್ನು ಎಳೆದುಕೊಂಡು ತಂತಿಗೆ ಕಳಿಸುತ್ತದೆ. ಆಪರೇಟಿಂಗ್ ಸಿಸ್ಟಂ ಹಾಕಿದ ಈಥರ್ನೆಟ್ ಹೆಡರ್, ಕಾರ್ಡ್ ಸೇರಿಸುವ ಸಿಆರ್‌ಸಿ (ದೋಷ ಪತ್ತೆಯ ಸಂಖ್ಯೆ), ಪ್ರಿಆಂಬಲ್ (ಆರಂಭದ ಸೂಚನೆ) ಮತ್ತು ಮುಂದಿನ ಫ್ರೇಮ್‌ಗೆ (ಹೀಗೆ ಸಿದ್ಧವಾದ ತುಂಡಿಗೆ) ಮುನ್ನ ಬಿಡಬೇಕಾದ ಅಂತರ ಎಲ್ಲ ಸೇರಿ ಇನ್ನೂ 38 ಬೈಟ್ ಕೂಡುತ್ತದೆ. ಡೌನ್‌ಲೋಡ್‌ನಲ್ಲಿ ಇದೇ ದಾರಿ ತಿರುಗುಮುರುಗು. ಹೀಗೆ ನಿಮ್ಮ 1460 ಬೈಟ್ ತಂತಿಯ ಮೇಲೆ 1538 ಬೈಟ್‌ಗಳ ಜಾಗ ಹಿಡಿಯುತ್ತದೆ. 100ಕ್ಕೆ ಲೆಕ್ಕ ಹಾಕಿದರೆ 94.9, ಟಿಸಿಪಿ ಟೈಮ್‌ಸ್ಟ್ಯಾಂಪ್ (ಪ್ರತಿ ತುಂಡಿಗೂ ಸೇರುವ ಸಮಯದ ಗುರುತು) ಇದ್ದರೆ 94.1.

100ಕ್ಕೆ ಇಳಿದದ್ದೇಕೆ? ಕೇಬಲ್ ಒಳಗೆ ನಾಲ್ಕು ಜೋಡಿ ತಂತಿಗಳಿವೆ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಬೇಕು, 100ಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ಎರಡೂ ತುದಿಯ ಸಾಧನಗಳು ಯಾವ ವೇಗವೆಂದು ಒಪ್ಪಂದ ಮಾಡಿಕೊಳ್ಳುವುದೂ ಈ ಎರಡು ಜೋಡಿಗಳಲ್ಲೇ. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೇ ಎಳೆ ಕಡಿದಿದ್ದರೂ ಗಿಗಾಬಿಟ್ ಲಿಂಕ್ ಏಳುವುದಿಲ್ಲ. ಹೆಚ್ಚಿನ ಕಾರ್ಡ್‌ಗಳು ಒಂದೆರಡು ಸಲ ಯತ್ನಿಸಿ ಸುಮ್ಮನೆ 100ಕ್ಕೆ ಇಳಿಯುತ್ತವೆ. ದೀಪ ಉರಿಯುತ್ತದೆ, ನೆಟ್ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲು ಕಂಪ್ಯೂಟರಿನಲ್ಲಿ ಲಿಂಕ್ ಸ್ಪೀಡ್ ನೋಡಿ: ವಿಂಡೋಸ್‌ನಲ್ಲಿ ಈಥರ್ನೆಟ್ ಸೆಟ್ಟಿಂಗ್ಸ್‌ನಲ್ಲಿದೆ, ಲಿನಕ್ಸ್‌ನಲ್ಲಿ ಎತ್‌ಟೂಲ್ ಎಂಬ ಕಮಾಂಡ್ ತೋರಿಸುತ್ತದೆ. 100 ಎಂದಿದ್ದರೆ ರೂಟರಿನ ಬೇರೆ ಪೋರ್ಟ್‌ಗೆ ಹಾಕಿ ನೋಡಿ; ಕೆಲವು ಫೈಬರ್ ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬಳಸುತ್ತಿದ್ದರೆ ಅದೂ 100ರದ್ದೇ ಇರಬಹುದು. ಆಮೇಲೆ ಚೆನ್ನಾಗಿರುವ ಗಿಡ್ಡ ಕೇಬಲ್‌ನಿಂದ ರೂಟರಿಗೇ ಜೋಡಿಸಿ. ಆಗ 1000 ಬಂದರೆ ದೋಷ ಮಹಡಿಗೆ ಹೋದ ಕೇಬಲ್‌ನದೇ.

ಕಡಲ ದಂಡೆಯ ಊರಿನಲ್ಲಿ ಮೊದಲ ಅನುಮಾನ ಪ್ಲಗ್ ಮೇಲೆ. ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ. ತಿಕ್ಕಿ ಸರಿಮಾಡಲು ಹೋಗಬೇಡಿ, ಹಳೆಯ ತುದಿಯನ್ನು ಕತ್ತರಿಸಿ ಹೊಸ ಪ್ಲಗ್ ಹಾಕಿಸಿ. ಜೋಡಿಗಳ ಹುರಿಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಆಗಲೂ ಆಗದಿದ್ದರೆ ಅಟ್ಟದಲ್ಲಿ ಇಲಿ ಕಡಿದಿದೆಯೇ ನೋಡಿ. ಹೊಸ ಕೇಬಲ್ ಕೊಳ್ಳುವುದಾದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ, ಶುದ್ಧ ತಾಮ್ರದ್ದನ್ನೇ ಕೇಳಿ.

1000 ಬಂದ ಮೇಲೂ ಸಿಆರ್‌ಸಿ ಎರರ್ ಎಣಿಕೆಯನ್ನು ಗಮನಿಸಿ. ಕೆಟ್ಟ ಫ್ರೇಮ್ ಅನ್ನು ಕಾರ್ಡ್ ಸದ್ದಿಲ್ಲದೆ ಎಸೆಯುತ್ತದೆ, ಟಿಸಿಪಿ ಮತ್ತೆ ತರಿಸಿಕೊಳ್ಳುತ್ತದೆ, ನಿಮಗೆ ಕಾಣುವುದು ನಿಧಾನವಾದ ನೆಟ್ ಮಾತ್ರ. ಎಣಿಕೆ ಏರುತ್ತಲೇ ಇದ್ದರೆ ಪ್ಲಗ್ ಮತ್ತೊಮ್ಮೆ ಹಾಕಿಸಬೇಕು.