ಪದ ಪರಿಚಯ: ಆಂಟಿಆಕ್ಸಿಡೆಂಟ್

ಆಂಟಿಆಕ್ಸಿಡೆಂಟ್ ಎಂಬುದು ಯಾವುದೋ ಒಂದು ಪೋಷಕಾಂಶದ ಹೆಸರಲ್ಲ. ಬೇರೆ ಬೇರೆ ರಚನೆಯ ಅನೇಕ ವಸ್ತುಗಳು ಮಾಡಬಲ್ಲ ಒಂದು ಕೆಲಸದ ಹೆಸರು. ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿ ಪಡೆಯುವಾಗ, ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಕೆಲವು ಕಣಗಳೂ ಹುಟ್ಟುತ್ತವೆ. ಫ್ರೀ ರ್‍ಯಾಡಿಕಲ್ ಎನ್ನಲಾಗುವ ಇವು ಅಕ್ಕಪಕ್ಕದ ಕೊಬ್ಬು, ಪ್ರೋಟೀನು, ಡಿಎನ್‌ಎಗಳಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತವೆ. ಕಳೆದುಕೊಂಡ ಅಣು ತಾನೂ ಅಂಥದ್ದೇ ಆಗಿ ಮುಂದಿನದಕ್ಕೆ ಕೈಹಾಕುತ್ತದೆ. ತನ್ನ ಎಲೆಕ್ಟ್ರಾನನ್ನು ಕೊಟ್ಟು, ಕೊಟ್ಟ ಮೇಲೂ ಸ್ಥಿರವಾಗಿ ಉಳಿದು, ಈ ಸರಪಳಿಯನ್ನು ಅಲ್ಲಿಗೇ ತುಂಡರಿಸಬಲ್ಲ ವಸ್ತು ಆಂಟಿಆಕ್ಸಿಡೆಂಟ್. ನಮ್ಮ ಪಠ್ಯಗಳ ಮಾತಿನಲ್ಲಿ ಉತ್ಕರ್ಷಣ ನಿರೋಧಕ. ವಿಟಮಿನ್ ಸಿ, ವಿಟಮಿನ್ ಇ, ಕ್ಯಾರೋಟಿನ್, ಪಾಲಿಫಿನಾಲುಗಳು ಈ ಗುಂಪಿಗೆ ಸೇರುತ್ತವೆ. ಗ್ಲುಟಾಥಯೋನ್‌ನಂಥ ಕೆಲವನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಆದರೆ ಜಾಹೀರಾತುಗಳು ಅದರ ಸುದ್ದಿಯನ್ನೇ ಎತ್ತುವುದಿಲ್ಲ.

ಬೆರ್ರಿ ಹಣ್ಣುಗಳ ಪ್ರಸಂಗದಲ್ಲಿ ಈ ಪದ ಬಂದರೆ, ಮುಖ್ಯವಾಗಿ ಆಂಥೋಸಯಾನಿನ್ ಎಂಬ ಕೆಂಪು, ನೇರಳೆ, ನೀಲಿ ವರ್ಣದ್ರವ್ಯಗಳನ್ನು ಉದ್ದೇಶಿಸಿರುತ್ತಾರೆ. ನೇರಳೆ ಹಣ್ಣು ತಿಂದವರ ನಾಲಿಗೆಗೆ ಹತ್ತುವ ಬಣ್ಣವೂ ಇದೇ. ಕಾಡಿನ ಹಣ್ಣಿನಲ್ಲಿ ಇದು ಹೆಚ್ಚು, ತೋಟದ್ದರಲ್ಲಿ ಕಡಿಮೆ ಎಂಬ ಮಾತು ಬಹಳ ಮಟ್ಟಿಗೆ ನಿಜ, ಆದರೆ ಅದರ ಕಾರಣ ಕಾಡಿನ ಮಹಿಮೆಯಲ್ಲ. ಉತ್ತರ ಯೂರೋಪಿನ ಕಾಡುಗಳಲ್ಲಿ ಮೊಣಕಾಲೆತ್ತರಕ್ಕೂ ಬೆಳೆಯದ ಗಿಡಗಳಲ್ಲಿ ಬಿಡುವ ಬಿಲ್‌ಬೆರ್ರಿಯನ್ನೂ ಅಮೆರಿಕ ಮೂಲದ ತೋಟದ ಬ್ಲೂಬೆರ್ರಿಯನ್ನೂ ಅಡ್ಡಲಾಗಿ ಕೊಯ್ದು ಪಕ್ಕಪಕ್ಕದಲ್ಲಿಟ್ಟರೆ ವಿಷಯ ಕಣ್ಣಿಗೇ ಕಾಣುತ್ತದೆ: ಮೊದಲನೆಯದರ ತಿರುಳು ಒಳಗಿನವರೆಗೂ ಕಡುನೇರಳೆಯಾಗಿದ್ದು ಬೆರಳಿಗೆ ಮಸಿಯಂತೆ ಅಂಟುತ್ತದೆ, ಎರಡನೆಯದರ ತಿರುಳು ತಿಳಿಹಸಿರು ಬಿಳುಪಾಗಿದ್ದು ಬಣ್ಣವೆಲ್ಲ ಸಿಪ್ಪೆಯಲ್ಲೇ ನಿಂತಿರುತ್ತದೆ. ಎರಡೂ ಒಂದೇ ಕುಲದ ಬೇರೆ ಬೇರೆ ಪ್ರಭೇದಗಳು. 100 ಗ್ರಾಂ ಬಿಲ್‌ಬೆರ್ರಿಯಲ್ಲಿ ಸಾಮಾನ್ಯವಾಗಿ 300ರಿಂದ 700 ಮಿಲಿಗ್ರಾಂ ಆಂಥೋಸಯಾನಿನ್ ಇರುತ್ತದೆ. ತೋಟದ ಬ್ಲೂಬೆರ್ರಿಯಲ್ಲಿ ಹೆಚ್ಚಾಗಿ ಅದರ ಅರ್ಧಕ್ಕಿಂತ ಕಡಿಮೆ. ಫಿನ್‌ಲೆಂಡಿನಲ್ಲಿ ಉತ್ತರಕ್ಕೆ ಹೋದಷ್ಟೂ ಬಿಲ್‌ಬೆರ್ರಿಯ ಬಣ್ಣ ಗಾಢವಾಗುವುದೂ ಅಳತೆಗಳಲ್ಲಿ ಕಂಡಿದೆ.

ಬಣ್ಣ ಸಿಪ್ಪೆಯಲ್ಲಿದ್ದ ಮೇಲೆ ಹಣ್ಣಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಹಣ್ಣಿನ ವ್ಯಾಸ ಇಮ್ಮಡಿಯಾದರೆ ತಿರುಳು ಎಂಟು ಪಟ್ಟಾಗುತ್ತದೆ, ಸಿಪ್ಪೆ ನಾಲ್ಕೇ ಪಟ್ಟು. ಬ್ಲೂಬೆರ್ರಿ ತೋಟದ ಬೆಳೆಯಾದದ್ದೇ ಗಾತ್ರದ ಬೆನ್ನುಹತ್ತಿ. ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಮತ್ತು ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಸೇರಿ 1916ರಲ್ಲಿ ಮೊದಲ ವಾಣಿಜ್ಯ ಬೆಳೆಯನ್ನು ಮಾರುಕಟ್ಟೆಗೆ ಕಳಿಸಿದರು. ಅದಕ್ಕೂ ಮುಂಚೆ ವೈಟ್ ಅವರು ಕಾಡಿನಲ್ಲಿ ಹಣ್ಣು ಆಯುವವರಿಗೆ ಅಳತೆಯ ಪಟ್ಟಿ ಕೊಟ್ಟು, ಸುಮಾರು 16 ಮಿಲಿಮೀಟರಿಗಿಂತ ದಪ್ಪ ಹಣ್ಣಿನ ಪೊದೆ ತೋರಿಸಿದವರಿಗೆ ಹಣ ಕೊಡುತ್ತಿದ್ದರು, ಪೊದೆಗೆ ಅವರ ಹೆಸರನ್ನೇ ಇಡುತ್ತಿದ್ದರು. ಹಾಗೆ ಕಾಡಿನಿಂದ ನೇರವಾಗಿ ತೋಟಕ್ಕೆ ಬಂದ ‘ರೂಬೆಲ್’ ತಳಿ ಇಂದಿಗೂ ಬೆಳೆಯುತ್ತಿದೆ. ಇಂದಿನ ದಪ್ಪ ತಳಿಗಳ ಮುಂದೆ ಅದರ ಹಣ್ಣು ಚಿಕ್ಕದು, ಆಂಥೋಸಯಾನಿನ್ ಮಾತ್ರ ಹೇರಳ. ಗೊಬ್ಬರ, ನೀರು ಕಂಡ ತೋಟದ ಗಿಡವೆಂಬ ಕಾರಣಕ್ಕೇ ಹಣ್ಣು ಸತ್ವಹೀನವಾಗುವುದಿಲ್ಲ ಎನ್ನಲು ಇದೊಂದೇ ಸಾಕು.

ಇಷ್ಟೆಲ್ಲ ಅಳತೆ ಹಣ್ಣಿನದು, ತಿಂದವರ ದೇಹದ್ದಲ್ಲ. ಆಂಥೋಸಯಾನಿನ್ ಇದ್ದ ರೂಪದಲ್ಲೇ ರಕ್ತಕ್ಕೆ ಸೇರುವುದು ಅತ್ಯಲ್ಪ, ಉಳಿದದ್ದರ ಬಹುಭಾಗವನ್ನು ಕರುಳಿನ ಬ್ಯಾಕ್ಟೀರಿಯಾಗಳು ಬೇರೆ ಆಮ್ಲಗಳಾಗಿ ಒಡೆಯುತ್ತವೆ. ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಪ್ರನಾಳದಲ್ಲಿ ಅಳೆದು ಕೊಡುತ್ತಿದ್ದ ಓರ್ಯಾಕ್ ಅಂಕಿಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ತನ್ನ ಜಾಲತಾಣದಿಂದ ತೆಗೆದುಹಾಕಿತು: ಆ ಅಂಕಿಗಳಿಗೂ ಆರೋಗ್ಯಕ್ಕೂ ನೇರ ಸಂಬಂಧ ಸಿದ್ಧವಾಗಿರಲಿಲ್ಲ, ಕಂಪನಿಗಳು ಮಾತ್ರ ಅವನ್ನು ಮಾರಾಟಕ್ಕೆ ಬಳಸಿಕೊಳ್ಳುತ್ತಿದ್ದವು. ಬಿಲ್‌ಬೆರ್ರಿಯ ನಾಡಾದ ಫಿನ್‌ಲೆಂಡಿನಲ್ಲೇ 29,133 ಪುರುಷ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಕಂಡುಬಂದಿತು. ಆದ್ದರಿಂದ ಹಣ್ಣಿನ ಕುರಿತ ಮಾತನ್ನು ಸಾರ ತೆಗೆದ ಮಾತ್ರೆಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಬೆಂಗಳೂರಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ತಾಜಾ ಬ್ಲೂಬೆರ್ರಿ ತೋಟದ ಜಾತಿಯದೇ. ಬಿಲ್‌ಬೆರ್ರಿ ಮೆತ್ತಗಿದ್ದು ಬೇಗ ರಸ ಬಿಡುವುದರಿಂದ ದೂರದ ಸಾಗಣೆಯನ್ನು ತಾಳದು. ತನ್ನ ನಾಡಿನಿಂದಾಚೆಗೆ ಅದು ಹೆಚ್ಚಾಗಿ ಹೋಗುವುದು ಹೆಪ್ಪುಗಟ್ಟಿಸಿದ ಹಣ್ಣಾಗಿ, ಇಲ್ಲವೇ ಜಾಮ್ ಮತ್ತು ಪುಡಿಯ ರೂಪದಲ್ಲಿ.