ತಾತ್ಕಾಲಿಕ ವಿದೇಶಿ ಕಾರ್ಮಿಕ ವೀಸಾ ಅಂದ್ರೇನು?

ಒಂದು ದೇಶದಲ್ಲಿ ಕೆಲಸ ಇದೆ, ಮಾಡುವವರು ಸಿಗುತ್ತಿಲ್ಲ. ಆಗ ಹೊರಗಿನವರನ್ನು ಇಂಥ ಕೆಲಸಕ್ಕೆ, ಇಷ್ಟು ತಿಂಗಳಿಗೆ ಅಂತ ಗೊತ್ತು ಮಾಡಿ ಕರೆಸಿಕೊಳ್ಳಲು ಕೊಡುವ ಅನುಮತಿಯೇ ತಾತ್ಕಾಲಿಕ ವಿದೇಶಿ ಕಾರ್ಮಿಕ ವೀಸಾ. ಅವಧಿ ಮುಗಿದರೆ ವಾಪಸ್ ಹೊರಡಬೇಕು. ಅಲ್ಲೇ ನೆಲೆಸುವ ಹಕ್ಕು ಇದರ ಜೊತೆ ಬರುವುದಿಲ್ಲ.

ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವ ಅಮೆರಿಕದ ಎಚ್-1ಬಿ ಕೂಡ ಈ ಜಾತಿಗೇ ಸೇರಿದ್ದು. ಆದರೆ ಕಾರ್ಮಿಕರ ಕೊರತೆ ಅಂದಾಗ ನೋಡಬೇಕಾದದ್ದು ಅದರ ಅಣ್ಣತಮ್ಮಂದಿರನ್ನು. ಹೊಲ, ತೋಟದ ಕೆಲಸಕ್ಕೆ ಎಚ್-2ಎ. ಹೋಟೆಲ್, ಮೀನು ಸಂಸ್ಕರಣೆಯಂಥ ಇತರ ಹಂಗಾಮಿ ಕೆಲಸಗಳಿಗೆ ಎಚ್-2ಬಿ. ಎಚ್-2ಬಿಗೆ ವರ್ಷಕ್ಕೆ 66,000 ಅಂತ ಕಾನೂನಿನಲ್ಲಿ ಮಿತಿ ಇದೆ. ಎಚ್-2ಎಗೆ ಮಿತಿಯೇ ಇಲ್ಲ. ಹಣ್ಣು ಮಾಗಿದ ಮೇಲೆ ಕಾಯುವುದಿಲ್ಲ, ಅಲ್ವಾ?

ಕೊರತೆ ಇದೆ ಅಂತ ಮಾಲೀಕ ಹೇಳಿದರೆ ಸಾಲದು, ತೋರಿಸಬೇಕು. ಮೊದಲು ಸ್ಥಳೀಯರನ್ನು ಕೆಲಸಕ್ಕೆ ಕರೆಯಬೇಕು. ಯಾರೂ ಬರಲಿಲ್ಲ, ಹೊರಗಿನವರು ಬಂದರೆ ಸ್ಥಳೀಯರ ಕೂಲಿಗೆ ಪೆಟ್ಟು ಬೀಳುವುದಿಲ್ಲ ಎಂಬುದು ಸರ್ಕಾರಕ್ಕೆ ಖಾತ್ರಿಯಾಗಬೇಕು. ಕೆನಡಾದಲ್ಲಿ ಇಂಥ ಪರಿಶೀಲನೆಯನ್ನು ಎಲ್‌ಎಂಐಎ ಅಂತಾರೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಕೊರತೆ ಅಂದರೆ ಯಾವಾಗಲೂ ಜನವೇ ಇಲ್ಲ ಅಂತಲ್ಲ. ಎಷ್ಟೋ ಸಲ, ಆ ಕೂಲಿಗೆ, ಆ ಬಿಸಿಲಲ್ಲಿ ದುಡಿಯಲು ಸ್ಥಳೀಯರು ಒಪ್ಪುವುದಿಲ್ಲ ಅಂತ.

ಅವಧಿಗಿಂತ ನನಗೆ ಮುಖ್ಯ ಅನ್ನಿಸುವುದು ಈ ವೀಸಾದೊಳಗಿನ ಕಟ್ಟು. ಸಾಮಾನ್ಯವಾಗಿ ಇದು ಒಬ್ಬ ಮಾಲೀಕನಿಗೆ ಅಂಟಿಕೊಂಡಿರುತ್ತದೆ. ಎಚ್-2ಎಯಲ್ಲಿ ಬಂದವರಿಗೆ ಮಾಲೀಕ ಬಾಡಿಗೆ ಇಲ್ಲದೆ ಮನೆ ಕೊಡಬೇಕು, ಒಪ್ಪಂದದ ಅವಧಿಯ ಕನಿಷ್ಠ ಮುಕ್ಕಾಲು ಪಾಲು ಕೆಲಸದ ಖಾತ್ರಿ ಕೊಡಬೇಕು. ಓದಲು ಚೆನ್ನಾಗಿದೆ. ಆದರೆ ಕೂಲಿ ಕೊಡುವವನೂ ಅವನೇ, ಮಲಗುವ ಜಾಗ ಕೊಡುವವನೂ ಅವನೇ, ಆ ದೇಶದಲ್ಲಿ ಇರಲು ಕಾರಣವೂ ಅವನೇ. ಕೂಲಿ ಕಡಿಮೆ ಬಂತು ಅಂತ ಜಗಳ ತೆಗೆದು ಕೆಲಸ ಕಳೆದುಕೊಂಡರೆ ಮೂರೂ ಒಟ್ಟಿಗೆ ಕೈತಪ್ಪುತ್ತವೆ. ಮುಂದಿನ ವರ್ಷ ಮತ್ತೆ ಕರೆಯುತ್ತಾನೋ ಇಲ್ಲವೋ ಎಂಬ ಭಯ ಬೇರೆ. ಹಾಗಾಗಿ ಹೆಚ್ಚಿನವರು ಬಾಯಿ ಮುಚ್ಚಿಕೊಂಡು ದುಡಿಯುತ್ತಾರೆ. ಕೊಲ್ಲಿ ದೇಶಗಳ ಕಫಾಲಾದಲ್ಲಿ, ಅಂದರೆ ಕಾರ್ಮಿಕನ ವಾಸಕ್ಕೆ ಮಾಲೀಕನೇ ಜವಾಬ್ದಾರನಾಗುವ ಪದ್ಧತಿಯಲ್ಲಿ, ಈ ಕಟ್ಟು ಇನ್ನಷ್ಟು ಬಿಗಿಯಾಗಿತ್ತು. ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸುವಂತೆಯೇ ಇರಲಿಲ್ಲ. ಕತಾರ್ ಈ ನಿಯಮವನ್ನು ಕೈಬಿಟ್ಟಿದ್ದು 2020ರಲ್ಲಿ.

ಇದೇನೂ ಹೊಸ ಉಪಾಯವಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಅಮೆರಿಕ ಮೆಕ್ಸಿಕೋ ಜೊತೆ ಒಪ್ಪಂದ ಮಾಡಿಕೊಂಡು ಹೊಲದ ಕೆಲಸಕ್ಕೆ ಜನರನ್ನು ಕರೆಸಿತು. ಬ್ರಸೇರೋ ಅಂತ ಅದರ ಹೆಸರು. ಯುದ್ಧ ಮುಗಿದರೂ ಅದು ಮುಗಿಯಲಿಲ್ಲ, 1964ರವರೆಗೂ ನಡೆಯಿತು. ಶುರುವಿನ ವರ್ಷಗಳಲ್ಲಿ ಕೂಲಿಯ ಶೇ. 10ರಷ್ಟನ್ನು ಹಿಡಿದುಕೊಂಡು, ಊರಿಗೆ ಹೋದ ಮೇಲೆ ಅಲ್ಲಿನ ಬ್ಯಾಂಕಿನಲ್ಲಿ ಕೊಡುತ್ತೇವೆ ಅಂದಿದ್ದರು. ಬಹಳ ಜನಕ್ಕೆ ಆ ದುಡ್ಡು ಬರಲೇ ಇಲ್ಲ. ದಶಕಗಳು ಕಳೆದ ಮೇಲೆ, ಮುದುಕರಾದವರು ಅದಕ್ಕಾಗಿ ಕೋರ್ಟಿಗೆ ಹೋದರು.

ಪಶ್ಚಿಮ ಜರ್ಮನಿಯದ್ದು ಬೇರೆ ಪಾಠ. 1955ರಲ್ಲಿ ಇಟಲಿಯಿಂದ, 1961ರಲ್ಲಿ ಟರ್ಕಿಯಿಂದ ಜನರನ್ನು ಕರೆಸಲು ಅದು ಒಪ್ಪಂದ ಮಾಡಿಕೊಂಡಿತು. ಟರ್ಕಿಯವರು ಎರಡು ವರ್ಷ ದುಡಿದು ಹೋಗಬೇಕು, ಆ ಜಾಗಕ್ಕೆ ಹೊಸಬರು ಬರಬೇಕು ಎಂಬುದು ಲೆಕ್ಕಾಚಾರ. ಕೆಲಸ ಕಲಿತವರನ್ನು ಕಳಿಸಿ ಮತ್ತೆ ಹೊಸಬರಿಗೆ ಕಲಿಸುವುದು ಕಾರ್ಖಾನೆಗಳಿಗೇ ಬೇಡವಾಯಿತು, ಆ ಎರಡು ವರ್ಷದ ಮಿತಿ ಬಿದ್ದುಹೋಯಿತು. 1973ರಲ್ಲಿ ಸರ್ಕಾರ ಹೊಸಬರನ್ನು ತರಿಸುವುದನ್ನು ನಿಲ್ಲಿಸಿತು. ಒಮ್ಮೆ ಹೋದರೆ ಮತ್ತೆ ಬರಲಾಗದು ಅಂತ ಗೊತ್ತಾದಾಗ, ಇದ್ದವರಲ್ಲಿ ಬಹಳ ಜನ ಹೋಗಲೇ ಇಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಂಡರು.

ಕೆನಡಾದ ಕೃಷಿ ಕಾರ್ಮಿಕರ ಯೋಜನೆ ಜಮೈಕಾದವರೊಂದಿಗೆ ಶುರುವಾಗಿದ್ದು 1966ರಲ್ಲಿ. ಒಂದು ಸಲಕ್ಕೆ ಹೆಚ್ಚೆಂದರೆ ಎಂಟು ತಿಂಗಳು. ಹೋಗಿ, ಮರುವರ್ಷ ಅದೇ ತೋಟಕ್ಕೆ ಬಂದು, ಹೀಗೆ ಹತ್ತಿಪ್ಪತ್ತು ವರ್ಷ ಕಳೆದವರಿದ್ದಾರೆ. ಅವರು ಮಾಡುವ ಕೆಲಸ ಯಾವ ರೀತಿಯಲ್ಲೂ ತಾತ್ಕಾಲಿಕವಲ್ಲ. ಪ್ರತಿ ವರ್ಷ ಅದು ಇದ್ದೇ ಇರುತ್ತದೆ. ತಾತ್ಕಾಲಿಕವಾಗಿ ಇಟ್ಟಿರುವುದು ಆ ಮನುಷ್ಯನನ್ನು ಮಾತ್ರ. ಇದು ಸರಿ ಅಂತ ನನಗಂತೂ ಅನ್ನಿಸುವುದಿಲ್ಲ.

ಹಾಗಂತ ಈ ವೀಸಾವೇ ಬೇಡ ಅನ್ನುವುದೂ ಸುಲಭದ ಮಾತಲ್ಲ. ಅದರಿಂದ ಬರುವ ದುಡ್ಡಲ್ಲಿ ಮನೆ ಕಟ್ಟಿದವರಿದ್ದಾರೆ, ಮಕ್ಕಳನ್ನು ಓದಿಸಿದವರಿದ್ದಾರೆ. ಮಾಡಬೇಕಾದದ್ದು ಆ ಕಟ್ಟನ್ನು ಸಡಿಲಿಸುವುದು. ದೌರ್ಜನ್ಯ ಅನುಭವಿಸಿದ ಕಾರ್ಮಿಕರು ಬೇರೆ ಯಾವ ಮಾಲೀಕನ ಬಳಿಯಾದರೂ ದುಡಿಯಬಹುದಾದ ಮುಕ್ತ ಪರವಾನಗಿಯನ್ನು ಕೆನಡಾ 2019ರಲ್ಲಿ ತಂದಿತು. ಒಳ್ಳೆಯದೇ. ಆದರೆ ಅದು ಸಿಗಬೇಕಾದರೆ ಮೊದಲು ದೌರ್ಜನ್ಯ ನಡೆದಿರಬೇಕು. ಎಲ್ಲರಿಗೂ ಮೊದಲ ದಿನದಿಂದಲೇ ಅಂಥ ಪರವಾನಗಿ ಕೊಡಿ ಅಂತ ಅಲ್ಲಿನ ಕಾರ್ಮಿಕ ಸಂಘಟನೆಗಳು ಈಗಲೂ ಕೇಳುತ್ತಿವೆ.